ಗೋಣು ಹಾಕಿದವನು ಬರೆದ ಡಿಕ್ಕಿಯ ಕಥೆ

೧

ಈ ಕಥೆಯ ಮೊದಲ ವಾಕ್ಯವನ್ನು ನಾಲ್ಕು ಸಲ ಬರೆದೆ. ನಾಲ್ಕರಲ್ಲೂ ನಾನು ಒಳ್ಳೆಯವನಾಗಿದ್ದೆ. ಹಾಗಾಗಿ ನಾಲ್ಕನ್ನೂ ಹೊಡೆದುಹಾಕಬೇಕಾಯಿತು. ಹೊಡೆದುಹಾಕಿದ್ದು ನಾನಲ್ಲ, ಅರ್ಜುಮಂದ್.

ಅರ್ಜುಮಂದ್ ಈ ಕಥೆಯ ನಾಯಕಿ. ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯವಳೂ ಹೌದು. ನಾಯಕಿ ಪಕ್ಕದ ಮನೆಯಲ್ಲಿದ್ದರೆ ಕಥೆ ಬರೆಯುವವನಿಗೆ ಎಂಥ ಕಷ್ಟ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಕಾಂಪೌಂಡ್ ಮೇಲಿನಿಂದ ಕೈಚಾಚಿ, "ಸರ್, ಎಷ್ಟಾತು, ತರ್ರಿ ಇಲ್ಲಿ" ಅನ್ನುತ್ತಾಳೆ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ, ಹೆಸರು ಅನಿಲಕುಮಾರ. ಇಪ್ಪತ್ತು ವರ್ಷ ಮಂದಿಯ ಉತ್ತರಪತ್ರಿಕೆ ತಿದ್ದಿದವನು. ಈಗ ನನ್ನದನ್ನು ನೈಟಿ ಮಾರುವ ಹೆಂಗಸು ತಿದ್ದುತ್ತಾಳೆ.

(ಈ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದು, "ನೈಟಿ ಮಾರಿದ್ರ ಏನ್ ತಪ್ಪು?" ಎಂದು ಬರೆದಿದ್ದಾಳೆ. ತಪ್ಪೇನಿಲ್ಲ. ವಾಕ್ಯ ಹಾಗೇ ಇರಲಿ, ನನ್ನ ಮನಸ್ಸು ಹೇಗಿತ್ತು ಎನ್ನುವುದಕ್ಕೆ ಸಾಕ್ಷಿಯಾಗಿ.)

೨

ವಿಷಯಕ್ಕೆ ಬರೋಣ. ಅರ್ಜುಮಂದ್ ಹತ್ತಿರ ಒಂದು ಹಳೆಯ ಕಾರಿದೆ. ಅದರ ಹಿಂದೆ ಉದ್ದನೆಯ ಡಿಕ್ಕಿ. ಮಸ್ಕಿಯ ಸಂತೆ, ಜವಳಗೇರಾ, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಓಣಿಗಳು, ಎಲ್ಲ ಕಡೆ ಆ ಡಿಕ್ಕಿಯೇ ಅವಳ ಅಂಗಡಿ. ಮುಚ್ಚಳ ಎತ್ತಿದರೆ ಅಂಗಡಿ ತೆರೆಯಿತು: ನೈಟಿ, ಪೆಟಿಕೋಟ್, ಮಕ್ಕಳ ಫ್ರಾಕು, ಕೂಸುಗಳ ತಲೆಗೆ ಕಟ್ಟುವ ಕುಂಚಿಗಿ. ಇಳಿಸಿದರೆ ಮುಚ್ಚಿತು. ಕ್ಯಾಂಪಿನ ಬಂಗಾಳಿ ಹೆಂಗಸರು ಅವಳನ್ನು "ಡಿಕ್ಕಿ ದೀದಿ" ಅನ್ನುತ್ತಾರಂತೆ.

ಆ ಮುಚ್ಚಳ ಎತ್ತಿದ ಮೇಲೆ ಮೇಲೆಯೇ ನಿಲ್ಲಬೇಕು. ಹಾಗೆ ಹಿಡಿದು ನಿಲ್ಲಿಸಲು ಒಳಗೆ ಎಡಕ್ಕೊಂದು ಬಲಕ್ಕೊಂದು ಸುರುಳಿ ಸ್ಪ್ರಿಂಗ್ ಇರುತ್ತವೆ. ಅವಳ ಕಾರಿನಲ್ಲಿ ಎಡಗಡೆಯದು ಸವೆದು, ಹಿಗ್ಗಿ, ಜೀವ ಬಿಟ್ಟಿತ್ತು. ಬಲಗಡೆಯದು ಒಂಟಿಯಾಗಿ ದುಡಿದು ಸುಸ್ತಾಗಿತ್ತು. ಗಂಡ ಜಾಹೀದ್ ರೈಸ್‌ಮಿಲ್ಲಿನ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. "ನಾ ಬಂದ್ ಮ್ಯಾಲ ನೋಡೂಣು" ಎಂದು ಫೋನಿನಲ್ಲಿ ಮೂರು ತಿಂಗಳು ಹೇಳಿದ. ಆ ಮೂರು ತಿಂಗಳು ಮುಚ್ಚಳಕ್ಕೆ ಒಂದು ಬೇವಿನ ಕೋಲು ಆಸರೆಯಾಯಿತು.

(ಸ್ಪ್ರಿಂಗ್ ಅಂದರೆ ಬದುಕು, ಕೋಲು ಅಂದರೆ ಸಮಾಜ ಎಂದೆಲ್ಲ ಯೋಚಿಸಲು ಶುರುಮಾಡಿದ್ದರೆ ದಯವಿಟ್ಟು ನಿಲ್ಲಿಸಿ. ಮೊದಲ ಡ್ರಾಫ್ಟಿನಲ್ಲಿ ನಾನೂ ಅದನ್ನೇ ಮಾಡಿದ್ದೆ. "ಸರ್, ಕೋಲು ಅಂದ್ರ ಕೋಲು" ಅಂದಳು.)

ಒಂದು ಸಂತೆಯ ದಿನ, ಮಸ್ಕಿಯಲ್ಲಿ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಅಮರೇಶ್ವರಿ ಎಂಬ ಐವತ್ತೈದರ ಹೆಂಗಸು ಡಿಕ್ಕಿಯೊಳಗೆ ಬಗ್ಗಿ ನೈಟಿ ಆರಿಸುತ್ತಿದ್ದರು. ಪಕ್ಕದಲ್ಲಿ ಯಾರೋ ಪೆಟಿಕೋಟೊಂದನ್ನು ಜಗ್ಗಿದರು. ಅದರ ಲಾಡಿ ಕೋಲಿಗೆ ಸುತ್ತಿಕೊಂಡಿತ್ತು. ಕೋಲು ಜಾರಿತು, ಮುಚ್ಚಳ ಬಿತ್ತು. ತಲೆ ತಪ್ಪಿಸಿಕೊಂಡ ಅಮರೇಶ್ವರಿಯವರ ಬಲಗೈ ಮಣಿಕಟ್ಟು ತಪ್ಪಿಸಿಕೊಳ್ಳಲಿಲ್ಲ.

ಕನ್ನಡದಲ್ಲಿ ಗುದ್ದುವುದಕ್ಕೂ ಡಿಕ್ಕಿ, ಕಾರಿನ ಹಿಂದಿನ ಪೆಟ್ಟಿಗೆಗೂ ಡಿಕ್ಕಿ. ಇದರ ಮೇಲೆ ಒಂದು ಒಳ್ಳೆಯ ಜೋಕು ಬರೆದಿದ್ದೆ. ತೆಗೆದಿದ್ದೇನೆ. ಯಾಕೆಂದರೆ ಅಮರೇಶ್ವರಿಯವರು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುವವರು. ದಿನಕ್ಕೆ ನೂರು ರೊಟ್ಟಿ. ಬಲಗೈಯಿಂದ.

ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಸಂತೆಯ ಆ ಸಾಲಿನಲ್ಲಿ ಸ್ಟೀಲ್ ಪಾತ್ರೆ ಮಾರುವ ಕರಿಬಸಯ್ಯ ಎಂಬ ಹಿರಿಯರಿದ್ದಾರೆ. ಸಾಲಿನವರು ಅವರ ಮಾತು ಕೇಳುತ್ತಾರೆ. ಆಸ್ಪತ್ರೆಯಿಂದ ಮರಳಿದ ಅರ್ಜುಮಂದ್‌ಗೆ ಅವರು ಹೇಳಿದ್ದು ಇಷ್ಟೇ: "ತಂಗಿ, ಮುಂದಿನ ಸಂತಿಗೆ ಈ ಗಾಡಿ ಕೋಲ್ ಹಚ್ಚಿಕೊಂಡು ಬರಂಗಿಲ್ಲ. ರಿಪೇರಿ ಆದ್ರ ಬಾ. ಇಲ್ಲಾಂದ್ರ ನಿನ್ನ ಜಾಗಾದಾಗ ಬ್ಯಾರೆಯವ್ರು ಕುಂದ್ರತಾರ."

ಒಂದು ವಾರ ಕೊಟ್ಟರು. ಕಥೆಗೆ ಗಡುವು ಸಿಕ್ಕಿತು ಎಂದು ನಾನು ಖುಷಿಪಟ್ಟೆ. (ನನ್ನ ಮೇಲೆ ನನಗೇ ಸಿಟ್ಟು ಬರಲು ಶುರುವಾದ ಮೊದಲ ಜಾಗ ಇದು. ಇನ್ನೂ ಇವೆ.)

೩ (ಸುಳ್ಳು)

ಜಾಹೀದ್ ಲಾರಿ ಇಳಿದು ಮನೆಗೆ ಬಂದ. ಹೆಂಡತಿಯ ಮುಖ ನೋಡಿದ. ಏನೂ ಕೇಳದೆ ಅಂಗಿಯ ತೋಳು ಮಡಚಿ ಡಿಕ್ಕಿಯತ್ತ ನಡೆದ. ಸಂಜೆಯ ಹೊಂಬಿಸಿಲಲ್ಲಿ ಅವನ ಬಲಿಷ್ಠ ಕೈಗಳು...

"ನನ್ನ ಗಂಡ ಯಾವಾಗ ಬಂದಾನ?"

"ಕಥೆಯೊಳಗ ಬಂದಾರ್ರಿ ಅಕ್ಕಾರ."

"ಕಥ್ಯಾಗೂ ಆತ ಲಾರಿ ಮ್ಯಾಲ ಅದಾನ. ಇಳಿಸಬ್ಯಾಡ್ರಿ. ಮತ್ತ, ಲಿಂಗಸುಗೂರಿನ್ದು ಎಲ್ಲಿ ಹೋತು?"

ನಾನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಸರ್, ಲಿಂಗಸುಗೂರಿನ ಗ್ಯಾರೇಜಿಂದು ಎಲ್ಲೈತ್ರಿ?"

"ಅದು ಕಥೆಗೆ ಬೇಕಾಗಂಗಿಲ್ಲ ಅನಿಸ್ತು."

ಅವಳು ಕಾಗದಗಳನ್ನು ಕಾಂಪೌಂಡ್ ಮೇಲಿಟ್ಟು, ಹಾರದಂತೆ ಒಂದು ಕಲ್ಲು ಹೇರಿ, ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ನಮ್ಮ ಅಡುಗೆಮನೆಯ ಡಬ್ಬಿಗಳಿಗೂ ಕೇಳಿಸಿತು. ನನ್ನ ಹೆಂಡತಿ ಭಾಗ್ಯಶ್ರೀ, "ಏನ್ ಬರ್ದೀರಿ?" ಎಂದು ಕೇಳಿದಳು. ಏನು ಬರೆದಿಲ್ಲ ಎಂದು ಕೇಳಬೇಕಿತ್ತು.

೩ (ನಡೆದದ್ದು)

ಲಿಂಗಸುಗೂರಿನ ಬೈಪಾಸ್ ಹತ್ತಿರ ಒಂದು ದೊಡ್ಡ ಗ್ಯಾರೇಜಿದೆ, ಅಲ್ಲಿ ಈ ಕಾರಿನ ಕೆಲಸ ಚೆನ್ನಾಗಿ ಮಾಡುತ್ತಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ನನಗೂ ಆ ಊರಲ್ಲಿ ಕಾಲೇಜಿನ ಕೆಲಸವಿತ್ತು. ಅವಳೇ ಡ್ರೈವ್ ಮಾಡಿದಳು, ನಾನು ಪಕ್ಕದಲ್ಲಿ ಕೂತೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಇದು ಮುಖ್ಯ.

ಗ್ಯಾರೇಜಿನ ಮಾಲೀಕ ಕುರ್ಚಿಯಿಂದ ಎದ್ದು ಬಂದು ನನಗೆ ನಮಸ್ಕಾರ ಮಾಡಿದ.

"ಎಡಗಡೆ ಡಿಕ್ಕಿ ಸ್ಪ್ರಿಂಗ್ ಸವದೈತ್ರಿ," ಅಂದಳು ಅರ್ಜುಮಂದ್. "ಹಿಗ್ಗಿ ಹೋಗೈತಿ. ಅದೊಂದ ಬೇಕು."

ಅವನು ಮುಚ್ಚಳ ಎತ್ತಿದ, ಬಿಟ್ಟ, ಅದು ದಡ್ ಎಂದು ಬಿತ್ತು. ಆಮೇಲೆ ನನ್ನ ಕಡೆ ತಿರುಗಿದ. "ಸರ್, ಸ್ಪ್ರಿಂಗ್ ಬಿಡಿಯಾಗಿ ಬರಂಗಿಲ್ರಿ. ಇಡೀ ಸೆಟ್ ಬರ್ತೈತಿ. ಮುಚ್ಚಳ, ಹಿಂಜ್, ಲಾಕ್, ಎಲ್ಲಾ ಕೂಡಿ. ಗಾಡಿ ಎಂಟ್ಹತ್ತು ದಿನ ಬಿಡಬೇಕಾಗ್ತದ."

"ಮುಚ್ಚಳಕ್ಕ ಏನಾಗೇತ್ರಿ? ಹಿಂಜ್ ಗಟ್ಟಿ ಐತಿ. ಲಾಕ್ ಬೀಳ್ತದ."

"ಸರ್," ಅಂದ ಅವನು ನನಗೆ, "ಹಿಂಜ್ ಒಳಗಿಂದೊಳಗ ಹೋಗಿರ್ತೈತ್ರಿ. ಮ್ಯಾಲ ಕಾಣಂಗಿಲ್ಲ."

"ಗಾಡಿ ನಂದ್ರಿ. ನನ್ನ ಜೋಡಿ ಮಾತಾಡ್ರಿ."

"ಹೌದ್ರಿ ಅಕ್ಕಾರ, ಹೌದ್ರಿ." ಇದನ್ನೂ ಅವನು ನನ್ನನ್ನೇ ನೋಡಿ ಹೇಳಿದ. "ಸರ್, ನೀವರ ಸ್ವಲ್ಪ ತಿಳಿಸಿ ಹೇಳ್ರಿ. ಹೆಣ್ಮಕ್ಕಳು ಕೋಲು ಗೀಲು ಹಚ್ಚಿ ಓಡಿಸ್ತಾರ, ಆಮ್ಯಾಲ ಏನರ ಆದ್ರ ನಮ್ಮ ಮ್ಯಾಲ ಬರ್ತಾರ. ಹೌದಿಲ್ಲೋ?"

ಓದುಗರೇ, ಇಲ್ಲಿ ನಾನು ಗೋಣು ಹಾಕಿದೆ.

ಹಿಂಜ್ ಅಂದರೆ ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕಿಂತ ಗೋಣು ಹಾಕುವುದು ಸುಲಭ. ಅಷ್ಟಕ್ಕೇ ನಿಂತಿದ್ದರೆ ಈ ಭಾಗವನ್ನು ನಾನು ಮುಚ್ಚಿಡುತ್ತಿರಲಿಲ್ಲವೇನೋ. ಗೋಣಿನ ಹಿಂದೆಯೇ ಬಾಯಿಯೂ ಬಂತು. "ಆಯ್ತು ಹಂಗಾದ್ರ, ಸೆಟ್ಟೇ ಹಾಕ್ರಿ," ಅಂದುಬಿಟ್ಟೆ. ಅವಳ ಕಾರು, ಅವಳ ಅಂಗಡಿ, ಅವಳ ಸಂತೆ. ಹೂಂ ಅಂದವನು ನಾನು.

ಅರ್ಜುಮಂದ್ ನನ್ನನ್ನು ನೋಡಲಿಲ್ಲ. ಬಾನೆಟ್ ಮೇಲಿಟ್ಟಿದ್ದ ಕೀ ತೆಗೆದುಕೊಂಡು ಸೀಟಿನಲ್ಲಿ ಕೂತು ಗಾಡಿ ಚಾಲೂ ಮಾಡಿದಳು. ನಾನು ಓಡಿ ಹತ್ತಿಕೊಂಡೆ. ಕಾಲೇಜಿನ ಕೆಲಸ ಬಾಕಿ ಇದೆ ಎಂದು ಹೇಳುವ ಧೈರ್ಯವಾಗಲಿಲ್ಲ.

೪

ಮಸ್ಕಿಯ ಹೊರಗೆ ಒಂದು ಜಾಲಿಗಿಡದ ಕೆಳಗೆ ಗಾಡಿ ನಿಲ್ಲಿಸಿದಳು.

"ಸರ್, ಕೆಳಗ ಇಳೀರಿ."

ಇಳಿದೆ. ಇಲ್ಲೇ ಬಿಟ್ಟು ಹೋಗುತ್ತಾಳೆ ಅಂದುಕೊಂಡೆ. ಬಸ್ಸಿನ ಟೈಮು ಲೆಕ್ಕ ಹಾಕಿದೆ. ಅವಳು ಹಿಂದೆ ಹೋಗಿ ಮುಚ್ಚಳ ಎತ್ತಿ ಕೋಲು ಕೊಟ್ಟು ನಿಲ್ಲಿಸಿದಳು.

"ತಲಿ ಒಳಗ ಹಾಕಿ ನೋಡ್ರಿ. ಅಂಜಬ್ಯಾಡ್ರಿ, ನಾ ಹಿಡಿದೀನಿ. ಈ ಕಬ್ಬಿಣದ ಬಾಗಿದ ತೋಳು ಐತಲ್ಲ, ಇದು ಹಿಂಜ್. ಅಲ್ಲಾಡಿಸ್ರಿ. ಅಲ್ಲಾಡ್ತದೇನು?"

"ಇಲ್ಲ."

"ಇದು ಲಾಕ್. ಇದು ಬಲಗಡೆ ಸ್ಪ್ರಿಂಗ್. ಇದು ಎಡಗಡೆದು. ಈಗ ಹೇಳ್ರಿ, ಇದರಾಗ ಹಾಳಾಗಿದ್ದು ಯಾವುದು?"

ಎಡಗಡೆಯ ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳು ತೂರುವಷ್ಟು ಸಂದು. ಅದನ್ನು ಕೊಂಡಿಯಲ್ಲಿ ಸಿಕ್ಕಿಸುವ ತುದಿ ತಂತಿಯಷ್ಟು ಸಣ್ಣಗಾಗಿತ್ತು. ಒಂದನೇ ತರಗತಿಯ ಮಗುವೂ ಹೇಳಬಹುದಿತ್ತು. ನಾನು ಬೆರಳು ತೋರಿಸಿದೆ.

"ನಿಮಗ ತಿಳ್ಕೊಳಾಕ ಒಂದ್ ನಿಮಿಷ ಹಿಡೀಲಿಲ್ಲ," ಅಂದಳು. ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಅಲ್ಲಿ ಯಾಕ್ರಿ ಗೋಣ ಹಾಕಿದ್ರಿ? ಆತ ನನ್ನ ಮಾತು ಕೇಳಲಿಲ್ಲ, ಅದು ಬ್ಯಾರೆ. ಆತ ಯಾರೋ. ನೀವು ನನ್ನ ಪೈಕಿ ಅಂತ ಕುಂದ್ರಿಸಿಕೊಂಡು ಹೋಗಿದ್ದೆ."

ಎರಡನೇ ಡ್ರಾಫ್ಟಿನಲ್ಲಿ ಇಲ್ಲಿ ನಾನು ಕ್ಷಮೆ ಕೇಳುವ ಒಂದು ಪ್ಯಾರಾ ಇತ್ತು, ಬಹಳ ಚೆನ್ನಾಗಿತ್ತು, ನನ್ನ ಕಣ್ಣಲ್ಲೇ ನೀರು ಬಂದಿತ್ತು. ಅದರ ಪಕ್ಕ ಅವಳು ಬರೆದಳು: "ಕೇಳಿಲ್ಲ."

ನಿಜ. ಅಲ್ಲಿ ಕೇಳಿರಲಿಲ್ಲ.

೫

ಸಿಂಧನೂರಿನಲ್ಲಿ ಗುಜರಿ ಅಂಗಡಿಯ ನಾಸೀರ್ ಹತ್ತಿರ ಅದೇ ಮಾಡೆಲ್ಲಿನ ಗಾಡಿಯೊಂದು ಬಿಚ್ಚಿ ಬಿದ್ದಿತ್ತು, ಆಕ್ಸಿಡೆಂಟಿನಲ್ಲಿ ಮುಂದಿನ ಭಾಗವಷ್ಟೇ ನುಜ್ಜಾದದ್ದು. ಅವನು ಅರ್ಜುಮಂದ್ ಡಿಕ್ಕಿ ಎತ್ತಿ ತೋರಿಸಿದ ಹಳೆಯ ಸ್ಪ್ರಿಂಗ್ ನೋಡಿ, "ಒಂದ್ ಹೋಗೈತಿ ಅಂದ್ರ ಇನ್ನೊಂದೂ ಹೋಗಾಕ ತಯಾರ್ ಐತ್ರಿ ಆಪಾ. ಎರಡೂ ಒಯ್ಯಿರಿ," ಅಂದ. ನನ್ನ ಕಡೆ ನೋಡಲೂ ಇಲ್ಲ. (ಇಂಥವರ ಬಗ್ಗೆ ಕಥೆ ಬೆಳೆಯುವುದಿಲ್ಲ. ಕೇಳಿದ್ದನ್ನು ಕೊಟ್ಟ, ಮುಗಿಯಿತು. ಹೀಗೆ ಇನ್ನೂ ನಾಲ್ಕು ಮಂದಿ ಇದ್ದಿದ್ದರೆ ನಾನು ಬರೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.)

ಭಾನುವಾರ ಬೆಳಿಗ್ಗೆ ಅವರ ಅಂಗಳದಲ್ಲಿ ಕೆಲಸ ಶುರುವಾಯಿತು. ಮುಚ್ಚಳವನ್ನು ಪೂರ್ತಿ ಎತ್ತಿ, ಎರಡು ಕಡೆ ಎರಡು ದಪ್ಪ ಕಟ್ಟಿಗೆ ಕೊಟ್ಟು, ಅವನ್ನು ಹಗ್ಗದಿಂದ ಕಟ್ಟಿದಳು. ಅದು ಸಾಲದೆಂದು ನನ್ನನ್ನೂ ಹಿಡಿದುಕೊಳ್ಳಲು ನಿಲ್ಲಿಸಿದಳು. "ನೀವು ಏನೂ ಮಾಡಬ್ಯಾಡ್ರಿ. ಹಿಡೀರಿ ಅಷ್ಟ." ಈ ಕಥೆಯಲ್ಲಿ ನನಗೆ ಸಿಕ್ಕ ಅತ್ಯಂತ ಗೌರವದ ಪಾತ್ರ ಅದು.

ಬಾಗಿಲ ಪಕ್ಕದ ಮಂಚದ ಮೇಲೆ ಅವಳ ಅತ್ತೆ ಮಕ್ತುಂಬೀ ಕೂತಿದ್ದರು. ಎಪ್ಪತ್ತರ ಹತ್ತಿರದ ಜೀವ. ಎಲೆ ಅಡಿಕೆ ಕುಟ್ಟುತ್ತಿದ್ದರು.

ಮುಚ್ಚಳ ಪೂರ್ತಿ ಮೇಲಿದ್ದಾಗ ಸ್ಪ್ರಿಂಗಿನ ಬಿಗಿ ಕಡಿಮೆ. ಹಳೆಯವೆರಡೂ ಇಕ್ಕಳದಲ್ಲಿ ಹಿಡಿದು ಎಳೆದೊಡನೆ ಕಳಚಿಬಂದವು. ಕಷ್ಟ ಬಂದದ್ದು ಹಾಕುವಾಗ. ನಾಸೀರ್ ಕೊಟ್ಟ ಸ್ಪ್ರಿಂಗ್ ಇನ್ನೂ ಹಿಗ್ಗದ್ದು, ಗಿಡ್ಡ. ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿ ತನ್ನ ರಂಧ್ರಕ್ಕೆ ಎರಡು ಬೆರಳು ದೂರ. ಇಕ್ಕಳದಿಂದ ಜಗ್ಗಿದಳು. ಬರಲಿಲ್ಲ. ಕಾಲು ಒತ್ತುಕೊಟ್ಟು ಜಗ್ಗಿದಳು. ಇಕ್ಕಳ ಜಾರಿತು, ಸ್ಪ್ರಿಂಗ್ ಸಿಡಿದು ಅವಳ ಕಿವಿಯ ಪಕ್ಕದಿಂದ ಹಾರಿ ಡಿಕ್ಕಿಯ ತಗಡಿಗೆ ಬಡಿಯಿತು. ಬೆರಳ ಗೆಣ್ಣುಗಳ ಚರ್ಮ ಕಿತ್ತು ರಕ್ತ ಬಂತು.

"ಇನ್ನೊಂದು ಇಂಚು ಈ ಕಡೆ ಆಗಿದ್ರ ಕಣ್ಣು," ಅಂದೆ. "ಬಿಡ್ರಿ ಅಕ್ಕಾರ, ಯಾರನ್ನಾದ್ರೂ ಕರಿಯೂಣು."

"ಯಾರನ್ನ?"

ಅವಳು ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಇಕ್ಕಳ ಎತ್ತಿದಳು.

"ಐಸಾ ನಕ್ಕೋ ಖೀಂಚ್, ಬೇಟಾ," ಎಂಬ ದನಿ ಮಂಚದಿಂದ ಬಂತು. ಹಾಗೆ ಜಗ್ಗಬೇಡ ಎಂದು. ಕುಟ್ಟುವುದು ನಿಂತಿತ್ತು. "ಅದು ಏನ್ ಹಾಕಾಕತ್ತೀರಿ, ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್ ಇದ್ದಂಗ ಐತಲ್ಲ?"

"ಅದರ ಜಾತೀದ ಅಮ್ಮಾ, ದೊಡ್ಡದು."

"ಹಂಗಾದ್ರ ಅದನ್ನ ಜಗ್ಗಬಾರದು. ಬಗ್ಗಿಸಬೇಕು. ಮಡಚಿ ಹಿಡದ್ರ ಒಂದ್ ಬದಿಗೆ ಸುರುಳಿ ಬಾಯಿ ಬಿಡ್ತಾವ. ಆ ಬಾಯಾಗ ಒಂದೊಂದು ವಾಷರ್ ಹಾಕು. ಆಮ್ಯಾಲ ಆ ಕಡೆ ಮಡಚು, ಆ ಕಡೆ ಹಾಕು. ತಾನಾ ಉದ್ದ ಆಗ್ತದ."

ನಾವಿಬ್ಬರೂ ಅವರನ್ನೇ ನೋಡಿದೆವು.

ಮಕ್ತುಂಬೀಯವರ ಗಂಡ ಉಸ್ಮಾನ್‌ಸಾಬ್ ಮಸ್ಕಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು ಎಂದು ನನಗೆ ಗೊತ್ತಿತ್ತು. ತೀರಿಕೊಂಡು ಹದಿನೆಂಟು ವರ್ಷ. ಊರಿನ ಹಳಬರು ಈಗಲೂ ಅವರ ಕೈಗುಣ ಹೊಗಳುತ್ತಾರೆ.

"ಅಮ್ಮಾ, ನಿಮಗ ಇದು ಗೊತ್ತಿತ್ತು, ಮದ್ಲ ಯಾಕ ಹೇಳಲಿಲ್ಲ?" ಅರ್ಜುಮಂದ್ ದನಿ ಈಗ ಏರಿತು.

ಮುದುಕಿಯದು ಅದಕ್ಕಿಂತ ಏರಿತು. "ಯಾರ್ ಕೇಳಿದ್ರು? ಡಿಕ್ಕಿ ಡಿಕ್ಕಿ ಅಂತ ಮೂರ್ ತಿಂಗಳು ಬಡ್ಕೊಂಡ್ರಿ, ಒಳಗ ಏನೈತಿ ಅಂತ ನನಗ ತೋರಿಸಿದ್ರೇನು? ನಿನ್ನ ಗಂಡಗ ಫೋನ್ ಮಾಡಿದಿ. ಈ ಸರ್‌ಗ ಕೇಳಿದಿ. ಲಿಂಗಸುಗೂರಿಗೆ ಹೋಗಿ ಬಂದಿ. ಮನ್ಯಾಗ ಕುಂತಾಕಿ ಏನಾಕಿ, ಮಂಚಾನಾ?" ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿದರು. "ಅವರಿಗೆ, ನಿನ್ನ ಮಾವಗ, ದಮ್ಮಿನ ಬ್ಯಾನಿ ಇತ್ತು. ಕೊನೀ ಏಳೆಂಟು ವರ್ಷ ಜಗ್ಗೋ ಕೆಲಸ ಒಂದೂ ಆಗ್ತಿರಲಿಲ್ಲ. ದುಕಾನ್ ಹಿಂದ ಪಡದೆ ಕಟ್ಟಿ ನಾ ಮಾಡ್ತಿದ್ದೆ. ಮುಂದಿನ ಹಲಗಿ ಮ್ಯಾಲ ಹೆಸರು ಅವರದು. ಸ್ಪ್ರಿಂಗ್ ಹಾಕಿದ ಕೈ ನಂದು. ಜಾಹೀದ್‌ಗೂ ಗೊತ್ತಿಲ್ಲ. ಸಾಲಿಗೆ ಹೋಗ್ತಿದ್ದ."

(ಓದುಗರೇ, ಇಲ್ಲಿ ನಾನು ಸಂಗೀತ ಹಾಕಬಹುದಿತ್ತು. ಅವರ ಸುಕ್ಕುಗಟ್ಟಿದ ಕೈಗಳ ಬಗ್ಗೆ ಅರ್ಧ ಪುಟ. ಆದರೆ ಅವರು ಅಳುತ್ತಿರಲಿಲ್ಲ, ಸಿಟ್ಟಾಗಿದ್ದರು. "ನನ್ನ ಕೈ ನೋಡೂದು ಬಿಡ್ರಿ, ವಾಷರ್ ತರ್ರಿ" ಎಂದು ನನಗೇ ಜೋರುಮಾಡಿದರು.)

ಸೈಕಲ್ ಏರಿ ಹೋಗಿ ಒಂದು ಹಿಡಿ ವಾಷರ್ ತಂದೆ. ಮಕ್ತುಂಬೀ ಮಂಚದ ಮೇಲೆ ಕೂತೇ ಸ್ಪ್ರಿಂಗನ್ನು ಮೊಣಕಾಲಿಗೆ ಆನಿಸಿ ಬಗ್ಗಿಸಿದರು. ಅರ್ಜುಮಂದ್ ಸಂದಿನಲ್ಲಿ ವಾಷರ್ ತೂರಿಸಿದಳು. ಈ ಬದಿ ಎಂಟು, ಆ ಬದಿ ಎಂಟು. ಗಿಡ್ಡ ಸ್ಪ್ರಿಂಗ್ ನೋಡನೋಡುತ್ತ ಎರಡು ಬೆರಳು ಬೆಳೆಯಿತು. ಡಿಕ್ಕಿಯಲ್ಲಿ ಒಂದು ತುದಿ ಸಿಕ್ಕಿತು, ಇನ್ನೊಂದು ತುದಿ ಜಗ್ಗದೆ, ಬೈಯದೆ, ತನ್ನ ರಂಧ್ರಕ್ಕೆ ಹೋಗಿ ಕೂತಿತು. ಇನ್ನೊಂದಕ್ಕೂ ಹಾಗೆಯೇ.

"ಈಗ ಮೆಲ್ಲಕ ಮುಚ್ಚು," ಅಂದರು.

ಕಟ್ಟಿಗೆ ತೆಗೆದು ಮುಚ್ಚಳ ಇಳಿಸಿದಂತೆ ಸ್ಪ್ರಿಂಗುಗಳು ಹಿಗ್ಗಿ, ವಾಷರುಗಳು ಸಡಿಲಾಗಿ ಒಳಗೆ ಟಣ್ ಟಣ್ ಎಂದು ಉದುರಿದವು. ಅರ್ಜುಮಂದ್ ಕೀ ತಿರುಗಿಸಿದಳು. ಮುಚ್ಚಳ ತಾನಾಗಿಯೇ ಎದ್ದು, ಮೇಲೆ ಹೋಗಿ, ಅಲ್ಲೇ ನಿಂತಿತು.

ಉದುರಿದ ವಾಷರುಗಳನ್ನು ಅವಳು ಒಂದೂ ಬಿಡದಂತೆ ಆರಿಸಿದಳು, ಸುರುಳಿಯಲ್ಲಿ ಸಿಕ್ಕಿಕೊಂಡ ಎರಡನ್ನು ಇಕ್ಕಳದಿಂದ ಎಳೆದಳು. ಆಮೇಲೆ ಹೋಗಿ ಅತ್ತೆಯ ಪಕ್ಕ ಮಂಚದ ಮೇಲೆ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಾನು ಮುಚ್ಚಳ ಹಿಡಿದುಕೊಂಡೇ ಇದ್ದೆ, ಅಗತ್ಯವಿಲ್ಲದಿದ್ದರೂ.

"ಬಿಡ್ರಿ ಸರ್," ಅಂದರು ಮಕ್ತುಂಬೀ. "ನಿಲ್ತದ ಅದು."

೬

ಇಲ್ಲಿಗೆ ಮುಗಿಸಬಹುದಿತ್ತು. ಮೂರು ಅಂತ್ಯ ಬರೆದಿಟ್ಟಿದ್ದೆ.

ಮೊದಲನೆಯದರಲ್ಲಿ ಲಿಂಗಸುಗೂರಿನ ಗ್ಯಾರೇಜಿನವನು ಮಸ್ಕಿ ಸಂತೆಗೆ ಬಂದು, ಡಿಕ್ಕಿ ನೋಡಿ ತಲೆ ತಗ್ಗಿಸುತ್ತಾನೆ. ಅವನು ಬಂದಿಲ್ಲ. ಬರುವುದೂ ಇಲ್ಲ. ಈ ಹೊತ್ತಿಗೆ ಇನ್ನೊಬ್ಬಳಿಗೆ ಇಡೀ ಸೆಟ್ ಹಾಕುತ್ತಿರುತ್ತಾನೆ.

ಎರಡನೆಯದು ಜಾಹೀದ್‌ನದು. ಇದು ಸ್ವಲ್ಪ ನಡೆದಿದೆ. ಬುಧವಾರ ಬಂದ. ಮುಚ್ಚಳ ಎದ್ದು ನಿಂತದ್ದು ನೋಡಿ, "ಯಾರ್ ಹಾಕಿಕೊಟ್ರು?" ಅಂದ. "ನಿಮ್ಮ ಅಮ್ಮ," ಅಂದಳು. ನಕ್ಕ. ಯಾರೂ ನಗಲಿಲ್ಲ. ಅವನು ಮುಚ್ಚಳವನ್ನು ಇನ್ನೂ ಎರಡು ಸಲ ಹಾಕಿ ತೆಗೆದ. ಆಮೇಲೆ ತಾಯಿಯ ಮಂಚದ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದನಂತೆ. ಏನು ಮಾತಾಯಿತೋ ನನಗೆ ಯಾರೂ ಹೇಳಿಲ್ಲ.

ಮೂರನೆಯದು ಅಮರೇಶ್ವರಿಯವರದು. ಅದೇ ನನ್ನ ನೆಚ್ಚಿನ ಅಂತ್ಯವಾಗಿತ್ತು.

ಸಂತೆಯ ದಿನ ಕರಿಬಸಯ್ಯನವರು ಮುಚ್ಚಳವನ್ನು ಅಂಗೈಯಿಂದ ಮೂರು ಸಲ ಒತ್ತಿ ನೋಡಿದರು. ಮೂರು ಸಲವೂ ಅದು ಮೇಲೆದ್ದಿತು. "ಹ್ಞೂಂ" ಅಂದು ತಮ್ಮ ಕೊಡಪಾನಗಳನ್ನು ಒಂದು ಮಾರು ಆಚೆ ಸರಿಸಿ ಜಾಗ ಬಿಟ್ಟರು. ವ್ಯಾಪಾರ ಆಯಿತು. ಅಮರೇಶ್ವರಿ ಬರಲಿಲ್ಲ. ಸಂಜೆ ಅರ್ಜುಮಂದ್ ಡಿಕ್ಕಿ ಮುಚ್ಚಿ, ಅಂದು ಅವರು ಆರಿಸುತ್ತಿದ್ದ ನೈಟಿಯನ್ನು ಚೀಲದಲ್ಲಿಟ್ಟುಕೊಂಡು, ಅವರ ಮನೆ ಹುಡುಕಿ ಹೋದಳು. ಇಷ್ಟು ನಡೆದದ್ದು. ಮುಂದೆ ನಾನು ಬರೆದದ್ದರಲ್ಲಿ ಅಮರೇಶ್ವರಿ ಕಣ್ಣೊರೆಸಿಕೊಂಡು, "ಇರ್ಲಿ ಬಿಡವ್ವಾ, ಹಣೇಬರ" ಅಂದು ಚಹಾ ಕೊಡುತ್ತಾರೆ.

ಅರ್ಜುಮಂದ್ ಆ ಪುಟ ಓದಿ, ಮಡಚಿ, ನನ್ನ ಕೈಗೇ ಕೊಟ್ಟಳು.

"ಆಕಿ ಮಾಫ್ ಮಾಡಿಲ್ಲ. ನೀವ್ಯಾರ್ರಿ ಆಕಿ ಕಡಿಂದ ಮಾಡಿಸಾಕ?"

"ಮತ್ತೇನಂದ್ರು?"

ಅವಳು ಹೇಳಿದಂತೆಯೇ ಬರೆಯುತ್ತೇನೆ. ಮನೆಯ ಕಟ್ಟೆಯ ಮೇಲೆ ಅಮರೇಶ್ವರಿ ಕೂತಿದ್ದರು. ಪ್ಲಾಸ್ಟರಿನ ಕೈ ತೊಡೆಯ ಮೇಲಿತ್ತು. ನೈಟಿ ಮುಟ್ಟಲಿಲ್ಲ.

"ಸ್ಪ್ರಿಂಗ್ ಹಾಕಿಸಿದೇನು?"

"ನಾವಾ ಹಾಕಿದ್ವಿ, ಮನ್ಯಾಗ."

"ಎಷ್ಟೊತ್ತು ಹಿಡೀತು?"

ಅರ್ಜುಮಂದ್ ಸುಳ್ಳು ಹೇಳಬಹುದಿತ್ತು. "ಒಂದ್ ಮುಂಜಾನಿ," ಅಂದಳು.

"ಒಂದ್ ಮುಂಜಾನಿ ಕೆಲಸ," ಅಂದರು ಅಮರೇಶ್ವರಿ. "ಮೂರ್ ತಿಂಗಳು ಕೋಲ್ ಹಚ್ಚಿದಿ."

ಗಂಡನ ಫೋನು, ಗ್ಯಾರೇಜಿನವನು, ಗೋಣು ಹಾಕಿದ ನಾನು, ಯಾರೂ ಕೇಳಲಿಲ್ಲವೆಂದು ಹೇಳದೆ ಉಳಿದ ಅತ್ತೆ, ಇಷ್ಟೂ ಮಂದಿಯ ಮೇಲೆ ವಾರವಿಡೀ ಕುದಿಯುತ್ತಿದ್ದ ಅವಳಿಗೆ ಆ ಕಟ್ಟೆಯ ಮುಂದೆ ಒಬ್ಬರ ಹೆಸರೂ ಬಾಯಿಗೆ ಬರಲಿಲ್ಲವಂತೆ.

"ಖಾನಾವಳಿಯಾತ ಬ್ಯಾರೆ ಕಡೆ ರೊಟ್ಟಿ ಹಚ್ಯಾನ. ಕೈ ಬಂದ್ ಮ್ಯಾಲ ಮತ್ತ ಕರೀತಾನೋ ಇಲ್ಲೋ."

"ಬೈರಿ ನನಗ," ಅಂದಳು ಅರ್ಜುಮಂದ್. "ಏನ್ ಬೈತೀರಿ ಬೈರಿ, ಕೇಳಾಕ ಬಂದೀನಿ."

"ಈಗ ಆಗಂಗಿಲ್ಲ." ಅಮರೇಶ್ವರಿ ಪ್ಲಾಸ್ಟರಿನ ಕೈಯನ್ನು ಒಂದಿಷ್ಟು ಎತ್ತಿ, ನೋವಿಗೆ ಮುಖ ಕಿವುಚಿ, ಮತ್ತೆ ತೊಡೆಯ ಮೇಲಿಟ್ಟರು. "ಕೈ ಆಡಿಸದ ನನಗ ಬೈಯಾಕ ಬರಂಗಿಲ್ಲ. ಇದನ್ನ ತೆಗೀಲಿ. ಆಮ್ಯಾಲ ಬಾ."

ಅವಳು ಇದನ್ನು ಹೇಳಿದಾಗ ನನಗೆ ರೋಮಾಂಚನವಾಯಿತು. ಪ್ಲಾಸ್ಟರ್ ತೆಗೆಯುವ ದಿನ ನಾನೂ ಬರುತ್ತೇನೆ ಅಂದೆ. ದೂರ ನಿಲ್ಲುತ್ತೇನೆ, ಮಾತಾಡುವುದಿಲ್ಲ, ಕಥೆಗೆ ಒಂದು ಕೊನೆ ಬೇಕಲ್ಲ.

"ಬ್ಯಾಡ್ರಿ ಸರ್," ಅಂದಳು. ಸಿಟ್ಟಿನಿಂದ ಅಲ್ಲ. "ಆ ಬೈಗಳ ನನಗ ಬರಬೇಕಾದ್ವು. ನಿಮ್ಮ ಕಥಿಗಲ್ಲ."

ಬರುವ ಮಂಗಳವಾರ ಪ್ಲಾಸ್ಟರ್ ತೆಗೆಯುತ್ತಾರೆ. ನೀವು ಇದನ್ನು ಓದುವ ಹೊತ್ತಿಗೆ ತೆಗೆದಿರುತ್ತಾರೆ. ಅಮರೇಶ್ವರಿ ಏನು ಬೈದರೋ, ಎಷ್ಟು ಹೊತ್ತು ಬೈದರೋ, ಅರ್ಜುಮಂದ್ ನಿಂತು ಕೇಳಿದಳೋ ಕೂತು ಕೇಳಿದಳೋ, ನನಗೆ ಗೊತ್ತಿಲ್ಲ. ಕೇಳಿದರೂ ಅವಳು ಹೇಳುವವಳಲ್ಲ.